ರಕ್ತ ಕೊಡುವ ಮುನ್ನ

ನಂಜನಗೂಡು, ತಿ. ನರಸೀಪುರದ ಕಡೆಯ ರಕ್ತದಾನ ಶಿಬಿರಗಳಲ್ಲಿ ದಾನಿಯ ಬೆರಳ ತುದಿಯ ಹನಿಯೊಂದನ್ನು ಮೈಲುತುತ್ತದ ನೀಲಿ ದ್ರಾವಣಕ್ಕೆ ಬಿಟ್ಟು ನೋಡುವುದುಂಟು. ಹನಿ ಬೇಗ ಮುಳುಗಿದರೆ ಹಿಮೋಗ್ಲೋಬಿನ್ ಸಾಕಷ್ಟಿದೆ, ತೇಲಿದರೆ ಕಡಿಮೆ. ನಿಯಮದಂತೆ ಅದು ಡೆಸಿಲೀಟರಿಗೆ 12.5 ಗ್ರಾಂ ಇರಲೇಬೇಕು; ದಾನಿಯ ತೂಕ ಕನಿಷ್ಠ 45 ಕೆ.ಜಿ.

ಈ ಹನಿ ಎಲ್ಲವನ್ನೂ ಹೇಳುವುದಿಲ್ಲ. ಬಿಳಿ ರಕ್ತಕಣ, ಪ್ಲೇಟ್‌ಲೆಟ್‌ಗಳ ಲೆಕ್ಕ, ಕೆಂಪು ಕಣಗಳ ಗಾತ್ರ ತಿಳಿಯುವುದು ಸಿಬಿಸಿ (ಸಂಪೂರ್ಣ ರಕ್ತಕಣ ಎಣಿಕೆ) ಪರೀಕ್ಷೆಯಿಂದ. ಕೆಂಪು ಕಣ ತೀರಾ ಚಿಕ್ಕದಿದ್ದರೆ ಕಬ್ಬಿಣದ ಕೊರತೆ ಇರಬಹುದು, ತಂದೆತಾಯಿಯಿಂದ ಬಂದ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಯ ಅಂಶವೂ ಇರಬಹುದು. ಎರಡಕ್ಕೂ ಮದ್ದು ಒಂದೇ ಅಲ್ಲ. ಹಾಗಾಗಿ ವೈದ್ಯರನ್ನು ಕೇಳದೆ ಕಬ್ಬಿಣದ ಮಾತ್ರೆ ನುಂಗುವುದು ತಪ್ಪು.

ಹಿಮೋಗ್ಲೋಬಿನ್ ಕಡಿಮೆಯೆಂದು ಶಿಬಿರದಲ್ಲಿ ‘ಈಗ ಬೇಡ’ ಎನಿಸಿಕೊಂಡವರು, ಅದರಲ್ಲೂ ಹೆಣ್ಣುಮಕ್ಕಳು, ಮುಖ ಸಪ್ಪೆ ಮಾಡಿಕೊಂಡು ಹೋಗಿ ಅಲ್ಲಿಗೇ ಮರೆತುಬಿಡುತ್ತಾರೆ. ಮರೆಯಬಾರದ ಮಾತು ಅದು. ಸಿಬಿಸಿ ಮಾಡಿಸಿ ಕಾರಣ ತಿಳಿಯಬೇಕು. ಕಾರಣ ಕಬ್ಬಿಣದ ಕೊರತೆಯಾದರೆ ಇದೂ ನೆನಪಿರಲಿ: ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಸೊಪ್ಪು, ಕಾಳುಗಳ ಕಬ್ಬಿಣ ಮೈಗೆ ಹತ್ತುವುದೂ ಕಡಿಮೆ.

ಸಂಗ್ರಹಿಸಿದ ಪ್ರತಿ ಯೂನಿಟ್ಟಿಗೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯ. ಆದರೂ ಹೊಸದಾಗಿ ತಗುಲಿದ ಸೋಂಕು ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಪರೀಕ್ಷೆಗೆ ಸಿಗದು. ಆದ್ದರಿಂದ ಅರ್ಜಿ ತುಂಬುವಾಗ ಜ್ವರ, ಕಾಮಾಲೆ, ಹಚ್ಚೆ, ಮಾತ್ರೆಗಳ ವಿಷಯ ಮುಚ್ಚಿಡದೆ ತಿಳಿಸಿ. ಪರೀಕ್ಷೆಯಲ್ಲಿ ಏನಾದರೂ ಕಂಡರೆ ನಿಮಗೆ ತಿಳಿಸಲು ಫೋನ್ ನಂಬರನ್ನೂ ಸರಿಯಾಗಿ ಬರೆಯಿರಿ.