ಹಾಜರಿ ಪುಸ್ತಕದ ಮಗ್ಗುಲಿಗೆ ಪಂಚಾಂಗ

ಸವದತ್ತಿ ತಾಲ್ಲೂಕಿನ ಹೂಲಿ ಸುತ್ತಿನ ಸರ್ಕಾರಿ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು ನಾನು. ಈ ಕಡೆಗೆ ಹೊಸದಾಗಿ ವರ್ಗವಾಗಿ ಬರುವ ಶಿಕ್ಷಕರಿಗೆ ಕೆಲವು ಮಾತು.

1. ಇಲಾಖೆಯ ವೇಳಾಪಟ್ಟಿಯ ಜೊತೆ ಪಂಚಾಂಗವನ್ನೂ ಗೋಡೆಗೆ ತೂಗುಹಾಕಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದರೆ ಜಾತ್ರೆಗೆಂದು ಯಲ್ಲಮ್ಮನ ಗುಡ್ಡದ ಹಾದಿಯಲ್ಲಿ ಚಕ್ಕಡಿ, ಟ್ರ್ಯಾಕ್ಟರುಗಳ ಸಾಲು. ಮನೆತುಂಬ ಬೀಗರು, ಹುಡುಗರ ಹಣೆತುಂಬ ಭಂಡಾರ. ಆ ವಾರ ಭಿನ್ನರಾಶಿ ಶುರುಮಾಡಿದರೆ ಮುಂದಿನ ವಾರ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ. ಹತ್ತಿ ಬಿಡಿಸುವ, ಜೋಳ ಕೊಯ್ಯುವ ದಿನಗಳೂ ಹಾಗೆಯೇ. ‘ಸರ, ತಂಗೀನ ಹಿಡ್ಕೊಳ್ಳಾಕ ಮನ್ಯಾಗ ಯಾರೂ ಇಲ್ರಿ’ ಎನ್ನುವ ಐದನೆಯ ತರಗತಿಯ ಹುಡುಗಿಗೆ, ಅವಳನ್ನೂ ಕರಕೊಂಡು ಬಾ ಎನ್ನಿ. ತಪಾಸಣೆಗೆ ಬಂದ ಸಾಹೇಬರು ಹುಬ್ಬು ಗಂಟಿಕ್ಕಬಹುದು. ಗಂಟಿಕ್ಕಲಿ, ಹುಡುಗಿಯ ಪಾಠವಂತೂ ತಪ್ಪುವುದಿಲ್ಲ.

2. ಹಗಲು ಹನ್ನೊಂದಕ್ಕೆ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆದು, ‘ಪಾಲಕರಿಗೆ ಆಸಕ್ತಿಯಿಲ್ಲ’ ಎಂದು ನಡಾವಳಿ ಬರೆಯುವುದು ಅನ್ಯಾಯ. ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಒಂದು ದಿನದ ಕೂಲಿ ಬಿಟ್ಟು ಅವರು ಹೇಗೆ ಬಂದಾರು? ಸಂಜೆ ಕರೆಯಿರಿ. ಬಿಸಿಯೂಟದ ಅಕ್ಕಿ, ಬೇಳೆ ಎಷ್ಟು ಬಂತು, ಎಷ್ಟು ಉಳಿಯಿತೆಂದು ಓದಿ ಹೇಳಿ. ಬೇಳೆಯ ಲೆಕ್ಕದಲ್ಲಿ ಹೆಣ್ಣುಮಕ್ಕಳು ಕೇಳುವಷ್ಟು ಖಡಕ್ ಪ್ರಶ್ನೆಯನ್ನು ಯಾವ ಆಡಿಟರೂ ಕೇಳಲಾರ.

3. ಸಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಳ್ಳುವ ಮೊದಲೇ ತಮ್ಮ ಆಸ್ತಿಯನ್ನು ವಿದ್ಯೆಗೆಂದು ಬರೆದಿಟ್ಟ ತಾಲ್ಲೂಕಿದು. ಇಲ್ಲಿಯ ಜನಕ್ಕೆ ಕೊಟ್ಟು ಗೊತ್ತು. ಆದರೆ ‘ಶಾಲೆಗೆ ಸಹಾಯ ಮಾಡಿ’ ಎಂದರೆ ಕೈ ಕಿಸೆಗೆ ಹೋಗುವುದಿಲ್ಲ. ‘ನೀರಿನ ಟಾಕಿಗೆ ಎರಡು ನಳ ಬೇಕು’ ಎನ್ನಿ.

4. ಚಾಲುಕ್ಯರನ್ನು ತೋರಿಸಲು ಬಾದಾಮಿಗೇ ಪ್ರವಾಸ ಹೊರಡಬೇಕಿಲ್ಲ. ಹೂಲಿಯಲ್ಲೇ ಅವರ ಕಾಲದ ಪಂಚಲಿಂಗೇಶ್ವರ ಗುಡಿಯಿದೆ.

5. ಹೈಸ್ಕೂಲು ಪರವೂರಲ್ಲಿದ್ದರೆ ಹುಡುಗಿಯರ ಓದು ಏಳಕ್ಕೋ ಎಂಟಕ್ಕೋ ನಿಲ್ಲುತ್ತದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನ ಪ್ರಯಾಣ ಉಚಿತ, ಸರಿ. ಶಾಲೆ ಬಿಡುವ ಹೊತ್ತಿಗೆ ಬಸ್ಸೇ ಇಲ್ಲದಿದ್ದರೆ? ಆ ಹೊತ್ತಿಗೆ ಬಸ್ಸು ಬೇಕೆಂಬ ಅರ್ಜಿಯನ್ನು ಡಿಪೋಗೆ ಊರವರ ಸಹಿಯೊಂದಿಗೆ ಬೇಸಿಗೆಯಲ್ಲೇ ಕೊಡಿ. ಜೂನ್ ಮುಗಿಯುವುದರೊಳಗೆ ಕಪಾಟು ತೆರೆದು ನೋಡಿ. ಯಾರೂ ಒಯ್ಯದ ಟಿಸಿ (ವರ್ಗಾವಣೆ ಪತ್ರ) ಉಳಿದಿದ್ದರೆ, ಆ ಹುಡುಗಿ ಹೈಸ್ಕೂಲು ಸೇರಿಲ್ಲವೆಂದೇ ತಿಳಿದು, ಸಮಿತಿಯ ಒಬ್ಬ ತಾಯಿಯನ್ನು ಜೊತೆಗೆ ಕರೆದುಕೊಂಡು ಅದೇ ಸಂಜೆ ಆ ಮನೆಗೆ ಹೋಗಿ.