ಲೈನಿನಡಿಯ ದರಕು ಮೊದಲು ಗುಡಿಸಿ

ಶಿರಸಿ, ಸಿದ್ದಾಪುರ, ಸಾಗರದ ಕಡೆ ಸೊಪ್ಪಿನ ಬೆಟ್ಟದೊಳಗೇ ವಿದ್ಯುತ್ ಲೈನ್ ಹಾದುಹೋಗಿರುವ ಕೃಷಿಕರು ಬಹಳ. ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದರೆ ಬೀಡಿ ಸೇದಿದವರ ಮೇಲೆ ಗುಮಾನಿ. ತಲೆಯೆತ್ತಿ ತಂತಿ ನೋಡುವವರು ಕಮ್ಮಿ.

ಬಿಸಿಲಿಗೆ ತಂತಿ ಹಿಗ್ಗಿ ಜೋಲುತ್ತದೆ. ಗಾಳಿಗೆ ಒಂದಕ್ಕೊಂದು ಬಡಿದರೆ ಕಾದ ಲೋಹದ ಚೂರು ಕೆಳಗೆ ಉದುರುತ್ತದೆ. ಕೊಂಬೆ ತಾಗಿದರೂ ಕಿಡಿಯೇ. ಕೊಂಬೆಯ ಮೂಲಕ ಹರಿಯುವ ವಿದ್ಯುತ್ ಅಲ್ಪ. ಹಾಗಾಗಿ ಎಷ್ಟೋ ಸಲ ಲೈನ್ ಟ್ರಿಪ್ ಆಗುವುದೇ ಇಲ್ಲ, ಕಿಡಿ ಬೀಳುತ್ತಲೇ ಇರುತ್ತದೆ.

ಅರಣ್ಯದಲ್ಲಿ 11 ಕೆವಿ ಲೈನಿಗೆ 7 ಮೀಟರ್, 33 ಕೆವಿಗೆ 15 ಮೀಟರ್ ಅಗಲದ ದಾರಿ ಅಂತ ಕೇಂದ್ರ ಸರ್ಕಾರದ ಮಾರ್ಗಸೂಚಿ ಇದೆ. ಅಷ್ಟನ್ನೂ ಬೋಳಿಸಿದರೆ ಬೆಂಕಿಯ ಭಯ ತಪ್ಪಿತೇ? ಇಲ್ಲ. ಬಿಸಿಲು ಬಿದ್ದಲ್ಲಿ ಕರಡ, ಯುಪಟೋರಿಯಂ ನುಗ್ಗುತ್ತವೆ, ಜನವರಿ ಕಳೆದ ಮೇಲೆ ಒಣಗಿ ನಿಲ್ಲುತ್ತವೆ. ಅದಕ್ಕಿಂತ ಕೆಟ್ಟದ್ದು ಲೈನಿಗಾಗಿ ಕಡಿದ ರೆಂಬೆ. ಲೈನ್‌ಮನ್ ಕಡಿದು ಅಲ್ಲೇ ಬಿಟ್ಟು ಹೋಗುತ್ತಾರೆ, ನಾವೂ ಎತ್ತುವುದಿಲ್ಲ. ಮಾರ್ಚ್ ಹೊತ್ತಿಗೆ ತಂತಿಯ ನೇರ ಕೆಳಗೆ ಹೊರೆಗಟ್ಟಲೆ ಒಣ ಸದೆ! ನಮ್ಮ ಬೆಟ್ಟದಲ್ಲಿ ಒಮ್ಮೆ ಬೆಂಕಿ ಹತ್ತಿದ್ದು ಅಂಥ ರಾಶಿಗೇ. ಮತ್ತಿ, ನೇರಳೆ ಸಸಿಗಳೆಲ್ಲ ಕರಕಲು. ಆ ವರ್ಷ ಕೊಟ್ಟಿಗೆಗೆ ದರಕು ಕೊಂಡು ತಂದೆವು.

ದರಕು ಗುಡಿಸುವ ಕೆಲಸ ಹೇಗೂ ಇದೆಯಲ್ಲ, ಅದನ್ನು ಲೈನಿನ ಅಡಿಯಿಂದ ಶುರು ಮಾಡಿ. ಉಳಿದ ಕಡೆ ಪೂರ್ತಿ ಬಳಿಯಬೇಕಿಲ್ಲ, ನೆಲಕ್ಕೂ ಸ್ವಲ್ಪ ಬೇಕು. ಕಡಿದ ರೆಂಬೆ ಎಳೆದು ಹೊರಹಾಕಿ. ಅಲ್ಲೇ ರಾಶಿ ಹಾಕಿ ಸುಡಲೇಬೇಡಿ. ಜ್ವಾಲೆ, ದಟ್ಟ ಹೊಗೆಯ ಮೂಲಕವೂ ವಿದ್ಯುತ್ ಹಾರಬಲ್ಲದು. ಕೌಳಿ, ಕೇಪಳದಂಥ ಗಿಡ್ಡ ಜಾತಿ ಇರಲಿ, ನೆರಳಿಗೆ ಹುಲ್ಲು ತಗ್ಗುತ್ತದೆ. ಅಕೇಶಿಯಾ, ಬಿದಿರಿನ ಸಸಿ ಎಳೆಯದಿರುವಾಗಲೇ ಕಿತ್ತುಬಿಡಿ. ದೊಡ್ಡ ಮರವಾದರೆ ಅರಣ್ಯ ಇಲಾಖೆಯನ್ನು ಕೇಳದೆ ಕಡಿಯುವಂತಿಲ್ಲ.

ತಂತಿಗೆ ತಾಗುವ ಕೊಂಬೆಗೆ ಮಾತ್ರ ನೀವು ಕೈ ಹಾಕಬೇಡಿ. ಅಲ್ಯುಮಿನಿಯಂ ದೋಟಿಯ ಅಪಾಯ ಎಲ್ಲರಿಗೂ ಗೊತ್ತು. ಈಗ ಬಂದಿರುವ ಕಾರ್ಬನ್ ಫೈಬರ್ ದೋಟಿಯಲ್ಲೂ ವಿದ್ಯುತ್ ಹರಿಯುತ್ತದೆ. ಡಿಸೆಂಬರಿನಲ್ಲೇ ಲೈನ್ ಗುಂಟ ಒಮ್ಮೆ ನಡೆದು, ಕಂಬದ ನಂಬರ್ ಬರೆದುಕೊಂಡು ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ. ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಬರೀ ಬಾಯಿಮಾತಿಗೆ ಯಾರೂ ಬರುವುದಿಲ್ಲ.

ಬೆಂಕಿ ಬಿದ್ದೇಬಿಟ್ಟರೆ ಮೊದಲು 1912ಕ್ಕೋ ಲೈನ್‌ಮನ್‌ಗೋ ಫೋನ್ ಮಾಡಿ ಲೈನ್ ತೆಗೆಸಿ. ತೆಗೆದದ್ದು ಖಾತ್ರಿಯಾಗುವವರೆಗೆ ತಂತಿಯ ಕೆಳಗೆ ನೀರು ಎರಚುವುದೂ ಬೇಡ, ಹಸಿ ಸೊಪ್ಪು ಹಿಡಿದು ಬಡಿಯಲು ನುಗ್ಗುವುದೂ ಬೇಡ. ದೂರದಲ್ಲಿ ಗುಡಿಸಿ ದಾರಿ ಮಾಡಿಕೊಂಡು ಕಾಯಿರಿ.