ಅಂಗೈಯಗಲದ ಕಂಪ್ಯೂಟರ್: ಮೊದಲ ದಿನದ ಪಾಠ



ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ 2012ರಲ್ಲಿ ಇಂಗ್ಲೆಂಡಿನಲ್ಲಿ ಬಂತು. ಸಂಘದ ಲೆಕ್ಕ ಬರೆಯಲು ಇದು ಸಾಕು. ಗಾಬರಿ ಬೇಡ, ಹೀಗೆ ಮಾಡೋಣ:

1. ಬೇರೆ ಕಂಪ್ಯೂಟರಿನಲ್ಲಿ 'ಇಮೇಜರ್' ತಂತ್ರಾಂಶದಿಂದ ಮೆಮೊರಿ ಕಾರ್ಡಿಗೆ ಕಾರ್ಯವ್ಯವಸ್ಥೆ ತುಂಬಿಸಿ. ಕಾರ್ಡಿನಲ್ಲಿದ್ದ ಹಳೆ ಫೋಟೋಗಳೆಲ್ಲ ಅಳಿಸಿಹೋಗುತ್ತವೆ, ನೆನಪಿರಲಿ.

2. ಕಾರ್ಡ್ ಹಾಕಿ, ಟಿವಿ, ಕೀಬೋರ್ಡ್, ಮೌಸ್ ಜೋಡಿಸಿ.

3. ಕರೆಂಟ್ ಕೊನೆಗೆ ಕೊಡಿ. 'ಪೈ 4'ಕ್ಕೆ 5 ವೋಲ್ಟ್, 3 ಆಂಪಿಯರ್ ಚಾರ್ಜರ್ ಬೇಕು; ಹಳೆ ಮೊಬೈಲ್ ಚಾರ್ಜರ್ ಸಾಲದು.

ಕಾಪುವಿನಲ್ಲಿ ನಾವೊಮ್ಮೆ 'ಶಟ್‌ಡೌನ್' ಮಾಡದೆ ಪ್ಲಗ್ ಕಿತ್ತೆವು. ಕಾರ್ಡ್ ಕೆಟ್ಟು ಎರಡು ತಿಂಗಳ ಲೆಕ್ಕ ಹೋಯಿತು. ಸಂಘದ ಪುಸ್ತಕ ಇದ್ದದ್ದರಿಂದ ಸಾಲ-ಉಳಿತಾಯದ ಜಗಳವಾಗಲಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಆದ್ದರಿಂದ ಪ್ರತಿ ಸಭೆಯ ನಂತರ ಲೆಕ್ಕವನ್ನು ಪೆನ್‌ಡ್ರೈವ್‌ಗೂ ಹಾಕಿ, ಪುಸ್ತಕದಲ್ಲೂ ಬರೆಯಿರಿ.